ನನ್ನ ಎತ್ತರದ ಮೇಲೆ ಎಲ್ಲರ ಹಕ್ಕು

ಹತ್ತನೇ ತರಗತಿಗೆ ಬರುವ ಹೊತ್ತಿಗೆ ನಾನು ಅಪ್ಪನಿಗಿಂತ ಒಂದು ಗೇಣು ಎತ್ತರವಾಗಿದ್ದೆ. ಅದಕ್ಕಾಗಿ ನಾನು ಏನನ್ನೂ ಮಾಡಿರಲಿಲ್ಲ. ಅಪ್ಪನ ತಾಯಿ ಎತ್ತರದ ಹೆಂಗಸಂತೆ, ಅಂಕೋಲೆ ಕಡೆಯ ನಮ್ಮ ಹಳೆಯ ಮನೆಯ ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಿದ್ದಳಂತೆ. ನಾನು ಹುಟ್ಟುವ ಮೊದಲೇ ಸತ್ತವಳು. ಅವಳ ಉದ್ದ ಒಂದು ತಲೆಮಾರು ಬಿಟ್ಟು ನನ್ನ ಮೈಗೆ ಬಂತು. ಅವಳ ಕಾಲದಲ್ಲಿ ಅದನ್ನು ಯಾರೂ ಪ್ರತಿಭೆ ಎಂದು ಕರೆಯಲಿಲ್ಲ. ನನ್ನ ಕಾಲಕ್ಕೆ ಕರೆದರು, ಕರೆದ ದಿನದಿಂದ ಅದು ನನ್ನದಾಗಿ ಉಳಿಯಲಿಲ್ಲ.

ನಾವು ಇದ್ದದ್ದು ಬಿಣಗಾದಲ್ಲಿ, ಹೆದ್ದಾರಿಯ ಬದಿಯ ಕೆಲಸಗಾರರ ಮನೆಗಳ ಸಾಲಿನಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಬಿಡುವಿದ್ದ ಸಂಜೆಗಳಲ್ಲಿ ಮನೆಗಳ ಹಿಂದಿನ ಬಯಲಿನಲ್ಲಿ ವಾಲಿಬಾಲ್ ಆಡುತ್ತಿದ್ದ. ಕುಳ್ಳ ಮನುಷ್ಯ, ಆದ್ದರಿಂದ ಲಿಫ್ಟರ್. ಅಂದರೆ ನೆಟ್ಟಿನ ಪಕ್ಕ ನಿಂತು, ಉದ್ದವಿರುವವರು ಹಾರಿ ಹೊಡೆಯಲೆಂದು ಚೆಂಡನ್ನು ಎತ್ತಿ ಕೊಡುವವನು. ಅವನಷ್ಟು ಚೆನ್ನಾಗಿ ಎತ್ತಿ ಕೊಡುವವರು ಕಾರವಾರದಿಂದ ಅಂಕೋಲೆಯವರೆಗೆ ಇಲ್ಲ ಎಂದು ಜನ ಹೇಳುತ್ತಿದ್ದರು. ಆದರೆ ಪಂದ್ಯ ಮುಗಿದ ಮೇಲೆ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದುದು ಹೊಡೆದವರನ್ನು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಸೈಕಲ್ ತಳ್ಳುತ್ತ ಮನೆಗೆ ಬರುತ್ತಿದ್ದ.

ಒಂದು ಭಾನುವಾರ ಅವನು ಅಂಗಳದ ಮಾವಿನ ಕೊಂಬೆಗೆ ಹಗ್ಗ ಕಟ್ಟಿ ಚೆಂಡನ್ನು ಇಳಿಬಿಟ್ಟ. ನನ್ನನ್ನು ಕರೆದು ಕೆಳಗೆ ನಿಲ್ಲಿಸಿದ.

“ಹಾರಿ ಹೊಡಿ ನೋಡ್ವಾ, ತಂಗಿ.” ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

ಹೊಡೆದೆ. ಚೆಂಡು ಹಗ್ಗದ ಸಮೇತ ಕೊಂಬೆಗೆ ಸುತ್ತಿಕೊಂಡಿತು. ಅಪ್ಪ ಹಗ್ಗ ಬಿಡಿಸಿದ. ಆಮೇಲೆ ಒಳಗೆ ಹೋಗಿ ನನ್ನ ಅಮ್ಮನ, ಅಂದರೆ ಆಯಿಯ ಹತ್ತಿರ, “ಇಷ್ಟು ವರ್ಷ ಬೇರೆಯವ್ರ ಕೈಗೆ ಎತ್ತಿ ಕೊಟ್ಟೆ. ಕೈ ನಮ್ಮನೆಲೇ ಹುಟ್ಟಿದೆ ನೋಡು” ಅಂದ.

ಆ ಮಾತು ಅಡುಗೆಮನೆಯಿಂದ ನನಗೆ ಕೇಳಿಸಿತು. ಮಗಳು ಎಂದಿರಲಿಲ್ಲ, ಕೈ ಎಂದಿದ್ದ.

ಅಂದಿನಿಂದ ಬೆಳಗು ಹರಿಯುವ ಮೊದಲೇ ಎದ್ದು ಬಯಲು ಸುತ್ತುವುದು, ಶಾಲೆ, ಸಂಜೆ ಮತ್ತೆ ಬಯಲು. ಆಯಿ ಬಂಗಡೆ ಮೀನಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕತೊಡಗಿದಳು. ಮೊದಲು ಅದು ಅಪ್ಪನ ತಟ್ಟೆಗೆ ಬೀಳುತ್ತಿತ್ತು. ಬೇಡವೆಂದರೆ, “ತಿನ್ನು, ಶಕ್ತಿ ಬೇಕು” ಎನ್ನುತ್ತಿದ್ದಳು. ಬಸ್ಸಿನಲ್ಲಿ ಪರಿಚಯವಿಲ್ಲದ ಹೆಂಗಸರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ದೇವ್ರು ಕೊಟ್ಟದ್ದು, ಹಾಳು ಮಾಡ್ಕೊಳ್ಬೇಡ” ಅನ್ನುತ್ತಿದ್ದರು. ಬಾಗಿಲಿಗೆ ಮೀನು ತರುವ ಹೆಂಗಸಂತೂ ಬುಟ್ಟಿ ಇಳಿಸುತ್ತಲೇ, “ಎಂತಾ, ಇವತ್ತು ಆಡೂಕೆ ಹೋಗಿಲ್ವಾ” ಎಂದು ಹಾಜರಿ ಕೇಳುತ್ತಿದ್ದಳು. ಓದು ಹೇಗಿದೆ, ಹೊಟ್ಟೆನೋವು ಹೋಯಿತೇ ಎಂದು ನನ್ನನ್ನು ಆ ವರ್ಷಗಳಲ್ಲಿ ಯಾರೂ ಕೇಳಿದ ನೆನಪಿಲ್ಲ.

ನಾನು ಚೆನ್ನಾಗಿ ಆಡುತ್ತಿದ್ದೆ. ಅದನ್ನು ಮುಚ್ಚಿಟ್ಟರೆ ಉಳಿದ ಮಾತಿಗೆ ಬೆಲೆ ಇರುವುದಿಲ್ಲ. ಅಪ್ಪ ಎತ್ತಿ ಕೊಟ್ಟ ಚೆಂಡು ಮೇಲೆ ಒಂದು ಕ್ಷಣ ನಿಂತಂತೆ ಕಾಣುವುದು, ನಾನು ಅಲ್ಲಿಗೆ ತಲುಪುವುದು, ಅಂಗೈ ಚುರುಕ್ಕೆನ್ನುವುದು, ಆ ಕಡೆ ಧೂಳು ಏಳುವುದು. ಮೈಗೆ ಅದು ಹಿತವಾಗಿತ್ತು. ಆದರೆ ಕೆಳಗೆ ಇಳಿದ ಕೂಡಲೇ ಸುತ್ತಲಿನ ಮುಖಗಳು ಕಾಣುತ್ತಿದ್ದವು. ಎಲ್ಲರೂ ತಮ್ಮದೇ ಏನನ್ನೋ ನಾನು ಮುಟ್ಟಿ ಕೊಟ್ಟೆನೆಂಬಂತೆ ನೋಡುತ್ತಿದ್ದರು. ಆ ನೋಟ ನನಗೆ ಆಗುತ್ತಿರಲಿಲ್ಲ. ಆಟಕ್ಕಿಂತ ಬೇರೆ ಏನೋ ದೊಡ್ಡದರ ಮೇಲೆ ನನಗೆ ಮನಸ್ಸಿತ್ತು ಎಂದು ಹೇಳಿದರೆ ಕೇಳುವವರಿಗೆ ಸಮಾಧಾನವಾಗುತ್ತದೆ. ಅಂಥದ್ದೇನೂ ಇರಲಿಲ್ಲ. ಜಗಲಿಯಲ್ಲಿ ಕುಳಿತು ಅಕ್ಕಿಯ ಕಲ್ಲು ಹೆಕ್ಕುವುದು ನನಗೆ ಇಷ್ಟವಾಗಿತ್ತು. ಅಲ್ಲಿ ಯಾರೂ ಸೋಲುತ್ತಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ.

ಕಾರವಾರದಲ್ಲಿ ಪಿಯುಸಿಗೆ ಸೇರಿದಾಗ ಅಂಕಪಟ್ಟಿ ನೋಡುವ ಮೊದಲೇ ಕಾಲೇಜಿನ ದೈಹಿಕ ಶಿಕ್ಷಣದ ಸರ್ ನನ್ನ ಹೆಸರನ್ನು ತಂಡಕ್ಕೆ ಬರೆದುಕೊಂಡರು. ಆ ತಂಡದಲ್ಲಿ ದೇವಬಾಗದ ಹುಡುಗಿಯೊಬ್ಬಳಿದ್ದಳು. ಮೀನುಗಾರರ ಮನೆಯವಳು, ನನ್ನ ಭುಜದವರೆಗೂ ಬರುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತು, ಎದುರಿನವರು ಹೊಡೆದದ್ದನ್ನೆಲ್ಲ ನೆಲಕ್ಕೆ ಬಿದ್ದು ಎತ್ತುವುದು ಅವಳ ಕೆಲಸ. ಮೊಣಕಾಲಿನ ಗಾಯ ಮಾಯುವ ಮೊದಲೇ ಮತ್ತೆ ಕಿತ್ತು ಬರುತ್ತಿತ್ತು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಆದರೆ ಪ್ರತಿ ಮಾತಿನ ಕೊನೆಗೂ ಗೆಳತಿಯರನ್ನು ಸಲುಗೆಯಿಂದ ಕರೆಯುವ ಕೊಂಕಣಿಯ ‘ಗೋ’ ಸೇರಿಸುತ್ತಿದ್ದಳು. ಅವಳು ಆಡುವಷ್ಟು ಪ್ರೀತಿಯಿಂದ ಯಾವುದನ್ನಾದರೂ ಮಾಡುವವರನ್ನು ನಾನು ಆಮೇಲೆ ನೋಡಿಲ್ಲ. ಅಭ್ಯಾಸ ಮುಗಿದ ಮೇಲೂ ಗೋಡೆಗೆ ಚೆಂಡು ಹೊಡೆಯುತ್ತ ನಿಲ್ಲುತ್ತಿದ್ದಳು. ನಾನು ಚಪ್ಪಲಿ ಹಾಕಿಕೊಂಡು ಹೊರಡುವುದನ್ನು ನೋಡಿ ಒಮ್ಮೆ, “ಇಷ್ಟೇನಾ ಗೋ? ಇಷ್ಟೇ ಆಡಿ ನೀನು ಹೀಗೆ ಹೊಡೀತ್ಯಾ?” ಎಂದು ಕೇಳಿದ್ದಳು. ಅದು ಹೊಗಳಿಕೆಯಲ್ಲ, ತಕರಾರು.

ನಾನು ಒಂದೇ ಒಂದು ಸಲ ಮನೆಯಲ್ಲಿ ಬಾಯಿ ಬಿಟ್ಟಿದ್ದೆ. ದ್ವಿತೀಯ ಪಿಯುಸಿ ಶುರುವಾಗುವ ಮೊದಲು, ಊಟಕ್ಕೆ ಕುಳಿತಾಗ.

“ನಂಗೆ ಈ ವರ್ಷ ಆಡುದು ಬೇಡ.”

ಅಪ್ಪ ಅನ್ನ ಕಲಸುತ್ತಲೇ ಕೇಳಿದ. “ಕಾಲಿಗೆ ಎಂತಾ ಆಯ್ತು?”

“ಕಾಲಿಗೆ ಏನೂ ಆಗಿಲ್ಲ. ಮನಸ್ಸಿಲ್ಲ.”

“ಮತ್ತೆ ಎಂತಾ ಮಾಡೂಕೆ ಮನಸ್ಸದೆ?”

ಬೇರೆ ಯಾವುದರ ಹೆಸರೂ ಹೇಳಲಾಗದ್ದರಿಂದ ನನ್ನ ಬೇಡ ಎನ್ನುವುದಕ್ಕೂ ಬೆಲೆ ಇರಲಿಲ್ಲ. ಮರುದಿನ ಬೆಳಿಗ್ಗೆ ಅವನು ಎಂದಿನಂತೆ ನನ್ನ ಹೊದಿಕೆ ಎಳೆದ.

ಆ ವರ್ಷದ ಜಿಲ್ಲಾಮಟ್ಟದ ಪಂದ್ಯಗಳು ಅಂಕೋಲೆಯಲ್ಲಿ ನಡೆದವು. ಗೆದ್ದ ತಂಡ ರಾಜ್ಯಮಟ್ಟಕ್ಕೆ. ಬೆಳಿಗ್ಗೆ ಸೆಮಿಫೈನಲ್ಲನ್ನು ನಾವು ಸುಲಭವಾಗಿ ಗೆದ್ದೆವು. ಅಪ್ಪ ಪಾಳಿ ಬದಲಿಸಿಕೊಂಡು ಬಂದಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಸರ್ ನನ್ನನ್ನು ಮೈದಾನದ ಆಚೆಯ ಕಟ್ಟಡದ ಹತ್ತಿರ ಕರೆದರು. ಅಲ್ಲಿ ಅಪ್ಪನ ಜೊತೆ ಘಟ್ಟದ ಮೇಲಿನಿಂದ ಬಂದ ಒಬ್ಬರು ನಿಂತಿದ್ದರು, ಕ್ರೀಡಾ ಹಾಸ್ಟೆಲ್ಲಿಗೆ ಆಟಗಾರ್ತಿಯರನ್ನು ಆರಿಸುವವರು. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಸೀಮೆಸುಣ್ಣ.

“ಗೋಡೆಗೆ ಒತ್ತಿ ನಿಂತ್ಕೋ. ಕೈ ಮೇಲಕ್ಕೆತ್ತು” ಅಂದರು.

ಎತ್ತಿದೆ. ಬೆರಳ ತುದಿಗೆ ಗೆರೆ ಎಳೆದರು. ಹಾರಲು ಹೇಳಿದರು, ಮತ್ತೊಂದು ಗೆರೆ ಎಳೆದರು. ಎರಡರ ನಡುವಿನ ಅಂತರವನ್ನು ಗೇಣು ಹಾಕಿ ಅಳೆದು ತಲೆಯಾಡಿಸಿದರು. ನನ್ನ ಮಣಿಕಟ್ಟು ಹಿಡಿದು ತಿರುಗಿಸಿದರು, ಬಗ್ಗಿ ಹಿಮ್ಮಡಿಯ ನರ ಒತ್ತಿ ನೋಡಿದರು. ಮಾತನ್ನೆಲ್ಲ ಅಪ್ಪನ ಹತ್ತಿರ ಆಡುತ್ತಿದ್ದರು.

“ಐದು ವರ್ಷ ನಮಗೆ ಬಿಟ್ಟುಬಿಡಿ. ಮದುವೆ ಗಿದುವೆ ಅಂತ ತರಬೇಡಿ. ಇಂಥ ಮೈಕಟ್ಟು ಹುಡುಕಿದರೂ ಸಿಗಲ್ಲ.”

“ಬಿಟ್ಟೆ ಅಂತ್ಲೇ ತಿಳ್ಕೊಳ್ಳಿ, ಸರ್” ಅಂದ ಅಪ್ಪ. ಅವನ ಜೇಬಿನಲ್ಲಿ ಪೆನ್ನು ಸಿದ್ಧವಾಗಿತ್ತು. ಅವರು ಕೊಟ್ಟ ಒಪ್ಪಿಗೆಯ ಕಾಗದವನ್ನು ಗೋಡೆಗೆ ಒತ್ತಿ, ಆ ಸುಣ್ಣದ ಗೆರೆಗಳ ಕೆಳಗೇ ಸಹಿ ಮಾಡಿದ.

“ನಾನು ಬರೂದಿಲ್ಲ” ಅಂದೆ.

ಆರಿಸುವವರು ನಕ್ಕರು. “ಮನೆ ಬಿಟ್ಟು ಬರೋಕೆ ಮೊದಮೊದಲು ಎಲ್ಲರಿಗೂ ಹೀಗೇ.”

“ಮನೆ ಬಿಡೂಕೆ ಅಲ್ಲ. ನಂಗೆ ಆಡುದೇ ಬೇಡ.”

ಅವರ ನಗು ನಿಂತಿತು. “ಏನಮ್ಮಾ, ಇದು ನೀನು ಸಂಪಾದಿಸಿದ್ದಾ? ನಿನಗೆ ಸಿಕ್ಕಿದ್ದು. ಸಿಕ್ಕಿದವರು ದುಡಿಸಬೇಕು. ಸಾವಿರ ಹುಡುಗಿಯರು ಇದಕ್ಕಾಗಿ ಅಳ್ತಾರೆ.”

“ಹಾಗಾದ್ರೆ ಅವ್ರನ್ನ ಕರ್ಕೊಂಡು ಹೋಗಿ.”

ಅಪ್ಪ ನನ್ನ ತೋಳನ್ನು ಹಿಡಿದ. ಬೆರಳು ಒಳಗೆ ಹೋಗುವಷ್ಟು ಬಿಗಿಯಾಗಿ. “ಹುಡ್ಗಿ ಬರ್ತದೆ ಸರ್. ನಾ ಹೇಳ್ತೆ, ಬರ್ತದೆ” ಎಂದು ಅವರಿಗೆ ಹೇಳಿದ. ನನ್ನ ಕಡೆ ನೋಡಲಿಲ್ಲ.

ನಾನು ತೋಳು ಬಿಡಿಸಿಕೊಂಡು ಮೈದಾನಕ್ಕೆ ಬಂದೆ. ಫೈನಲ್ಲಿಗೆ ಇನ್ನು ಅರ್ಧ ತಾಸಿತ್ತು. ನಮ್ಮ ಸರ್ ಹಿಂದೆಯೇ ಓಡಿ ಬಂದರು. ಅವರಿಗೆ ಆಡುವುದಿಲ್ಲ ಎಂದೆ. ಮೊದಲು, “ಇದೊಂದು ಪಂದ್ಯ ಆಡು, ಆಮೇಲೆ ನಿನ್ನಿಷ್ಟ” ಎಂದು ಗೋಗರೆದರು. ಆಮೇಲೆ ಸೊಕ್ಕಿನವಳು ಎಂದರು. ಕೊನೆಗೆ ನನ್ನ ತಾಯಿಯ ಹೆಸರನ್ನು ಎಳೆದು ತಂದು ಒಂದು ಮಾತು ಆಡಿದರು, ಅದನ್ನು ಇಲ್ಲಿ ಬರೆಯಲಾರೆ. ಆ ಮಾತು ಕೇಳಿದ ಮೇಲೆ ಚೀಲ ಹೆಗಲಿಗೆ ಹಾಕಿ ಗೇಟಿನ ಕಡೆ ನಡೆದೆ. ತಂಡದ ಹುಡುಗಿಯರು ನೆರಳಿನಲ್ಲಿ ಕುಳಿತು ಊಟ ಮಾಡುತ್ತಿದ್ದರು. ದೇವಬಾಗದವಳು ತಲೆ ಎತ್ತಿ, “ಎಲ್ಲಿಗೆ ಗೋ?” ಅಂದಳು. ನಾನು ನಿಲ್ಲದೆ ಗೇಟು ದಾಟಿದೆ.

ಕಾರವಾರದ ಕಡೆಗೆ ಹೋದರೆ ಹಿಡಿದು ತರುತ್ತಾರೆಂದು ಎದುರು ದಿಕ್ಕಿನಲ್ಲಿ ನಡೆದೆ. ಬಿಸಿಲಿನಲ್ಲಿ ಹೆದ್ದಾರಿ ಹಿಡಿದು ಬಾಳೆಗುಳಿಯವರೆಗೆ. ಹುಬ್ಬಳ್ಳಿಯ ರಸ್ತೆ ಸೇರುವ ಆ ಜಾಗದಲ್ಲಿ ಅದಿರು ಲಾರಿಗಳು ಒಂದರ ಹಿಂದೆ ಒಂದು ಇಳಿದು ಬರುತ್ತಿದ್ದವು. ನಾನು ಒಂದು ಮುಚ್ಚಿದ ಗೂಡಂಗಡಿಯ ಹಲಗೆಯ ಮೇಲೆ ಕುಳಿತೆ. ಅದಿರಿನ ಧೂಳಿಗೆ ಬಿಳಿ ಜೆರ್ಸಿ ಕೆಂಪಾಯಿತು. ಲಾರಿಯವರು ಹಾರ್ನ್ ಹಾಕಿ ನಗುತ್ತ ಹೋದರು. ಈಗ ಮೊದಲ ಸೆಟ್, ಈಗ ಎರಡನೆಯದು ಎಂದು ಮನಸ್ಸು ತಾನಾಗಿ ಎಣಿಸುತ್ತಿತ್ತು. ನಿಲ್ಲಿಸಲು ಆಗಲಿಲ್ಲ. ಇಳಿಹೊತ್ತಿಗೆ ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವ ಬಸ್ಸು ಬಂತು, ಕೈ ಮಾಡಿ ಹತ್ತಿದೆ.

ಆ ಬಸ್ಸು ಅಂಕೋಲೆಯ ನಿಲ್ದಾಣದೊಳಕ್ಕೆ ಹೋಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಅಲ್ಲಿ ನಮ್ಮ ತಂಡ ನಿಂತಿತ್ತು.

ಒಬ್ಬೊಬ್ಬರಾಗಿ ಹತ್ತಿದರು. ಸರ್ ನನ್ನನ್ನು ನೋಡಿ ನೋಡದಂತೆ ಹಿಂದಕ್ಕೆ ಹೋದರು. ಅಪ್ಪ ಮುಂಬಾಗಿಲಿನಿಂದ ಹತ್ತಿ ಡ್ರೈವರಿನ ಹಿಂದಿನ ಕಂಬ ಹಿಡಿದು ನಿಂತ. ಹುಡುಗಿಯರು ನನ್ನ ಸೀಟಿನ ಸುತ್ತ ನಿಂತರು, ಆದರೆ ಪಕ್ಕದ ಖಾಲಿ ಜಾಗದಲ್ಲಿ ಯಾರೂ ಕೂರಲಿಲ್ಲ. ಕೊನೆಗೆ ಬಂದ ದೇವಬಾಗದವಳು ಕುಳಿತಳು. ಅವಳ ಎರಡೂ ಮೊಣಕಾಲಿನಿಂದ ರಕ್ತ ಇಳಿದು ಸಾಕ್ಸಿಗೆ ಅಂಟಿತ್ತು.

ಬಸ್ಸು ಊರು ದಾಟಿದ ಮೇಲೆ ಅವಳು ಹೇಳಿದಳು.

“ಸೋತ್ವು. ಎರಡೂ ಸೆಟ್ಟು.”

ನಾನು ಕಿಟಕಿಯ ಹೊರಗೆ ನೋಡಿದೆ.

“ನಿನ್ನ ಕೈ ನಂಗೆ ಕೊಟ್ಟಿದ್ರೆ ದೇವ್ರಿಗೆ ಎಂತಾ ಕಮ್ಮಿ ಆಗ್ತಿತ್ತು?”

“ಕತ್ತರಿಸಿ ಕೊಡೂಕೆ ಬರ್ತದಾ? ಬಂದ್ರೆ ತಕೋ.”

“ಹಾಂ, ಹಾಗೇ ಮಾತಾಡು. ನಿಂಗೆ ಎಲ್ಲ ಪುಕ್ಕಟೆ ಸಿಕ್ತಲ್ಲ, ಅದ್ಕೇ.” ಅವಳ ದನಿ ಏರಲಿಲ್ಲ, ಹಲ್ಲು ಕಚ್ಚಿ ಆಡುತ್ತಿದ್ದಳು. “ರಾಜ್ಯಮಟ್ಟದ ಸರ್ಟಿಫಿಕೇಟ್ ಇದ್ರೆ ನಂಗೆ ಮುಂದೆ ಸೀಟಿತ್ತು, ಹಾಸ್ಟೆಲ್ಲಿತ್ತು. ನಮ್ಮನೇಲಿ ಮುಂದೆ ಓದ್ಸುದಿಲ್ಲ, ನಿಂಗೆ ಗೊತ್ತಿತ್ತು.”

“ಗೊತ್ತಿತ್ತು. ಅದ್ಕೆ ನಾನು ನನ್ನ ಜೀವಮಾನ ಇಡೀ ಆಡ್ಬೇಕಾ?”

“ಜೀವಮಾನ ಯಾರು ಕೇಳಿದ್ರು?” ಈಗ ಅವಳು ನನ್ನ ಕಡೆ ತಿರುಗಿದಳು. “ಬೇಡ ಅಂತ ಇದ್ರೆ ಜೂನಲ್ಲಿ ಹೇಳ್ಬೇಕಿತ್ತು. ಬೇರೆಯವ್ರನ್ನ ತಯಾರು ಮಾಡ್ತಿದ್ವು. ನಾವು ಐದು ಜನ ನೀನು ಇದ್ದೆ ಅಂತ ಆಡಿದ್ವು. ಊಟ ಮಾಡ್ತಾ ಕೂತಿದ್ವು, ನೀನು ಎದ್ದು ಹೋದೆ. ಒಂದು ಮಾತು ಹೇಳಿಲ್ಲ.”

ಆರಿಸುವವರ ಮಾತಿಗೆ, ಅಪ್ಪನ ಹಿಡಿತಕ್ಕೆ, ಮೀನಿನ ಹೆಂಗಸಿನ ಹಾಜರಿಗೆ ಎಲ್ಲಕ್ಕೂ ನಾನು ಒಳಗೊಳಗೇ ಜವಾಬು ಕಟ್ಟಿಕೊಂಡಿದ್ದೆ, ಇದೊಂದಕ್ಕೆ ಬಿಟ್ಟು. ಹುಟ್ಟಿನಿಂದ ಬಂದದ್ದಕ್ಕೆ ನಾನು ಯಾರಿಗೂ ಬಾಧ್ಯಳಲ್ಲ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಜೂನ್ ತಿಂಗಳಿನಿಂದ ಇವಳ ಜೊತೆ ಸಾಲಿನಲ್ಲಿ ನಿಂತವಳು ನಾನು. ನಿಂತದ್ದು ನನ್ನ ಎತ್ತರವಲ್ಲ, ನಾನು. ಅಪ್ಪನ ಎದುರು ಇನ್ನೊಮ್ಮೆ ಬಾಯಿ ಬಿಡಲು ಹೆದರಿ, ಆ ಹೆದರಿಕೆಯನ್ನು ಫೈನಲ್ಲಿನ ದಿನದವರೆಗೆ ಎಳೆದು ತಂದು ಐದು ಹುಡುಗಿಯರ ಮೇಲೆ ಕೆಡವಿದ್ದೆ. ಇದೆಲ್ಲ ಆಗ ಇಷ್ಟು ಬಿಡಿಸಿ ಹೊಳೆಯಲಿಲ್ಲ.

ಬಿಣಗಾದಲ್ಲಿ ನಾನು ಇಳಿಯಲು ಏಳಬೇಕಾಯಿತು. ಅವಳು ಕಾಲು ಸರಿಸಲಿಲ್ಲ. ನಾನು ದಾಟಿಕೊಂಡು ಹೋದೆ.

“ಇನ್ಮೇಲೆ ನನ್ಹತ್ರ ಮಾತಾಡ್ಬೇಡ” ಅಂದಳು. ಆ ಬಸ್ಸಿನಲ್ಲಿ ಆಡಿದ ಒಂದು ಮಾತಿಗೂ ‘ಗೋ’ ಇರಲಿಲ್ಲ.

ಅಪ್ಪ ಮುಂಬಾಗಿಲಿನಿಂದ ಇಳಿದು ನನ್ನ ಮುಂದೆ ನಡೆದ. ಮನೆಯ ಮೆಟ್ಟಿಲ ಬಳಿ ನಿಂತು ಒಂದೇ ಶಬ್ದ ಹೇಳಿದ, “ಕಳ್ಳಿ.” ಆಮೇಲೆ ಸುಮಾರು ಎರಡು ವರ್ಷ ನೇರವಾಗಿ ಮಾತಾಡಲಿಲ್ಲ. ಏನಾದರೂ ಹೇಳಬೇಕಿದ್ದರೆ ಆಯಿಗೆ ಹೇಳುತ್ತಿದ್ದ, ನಾನು ಪಕ್ಕದಲ್ಲೇ ಇರುತ್ತಿದ್ದೆ. ಮೀನಿನ ದೊಡ್ಡ ತುಂಡು ಮರುದಿನದಿಂದಲೇ ಅವನ ತಟ್ಟೆಗೆ ಮರಳಿತು. ಆಯಿ ಬೈಯಲಿಲ್ಲ, ಬಡಿಸುವುದರಲ್ಲೇ ಎಲ್ಲ ಹೇಳಿ ಮುಗಿಸಿದಳು.

ನಾನು ಟೈಪಿಂಗ್ ಕಲಿತು ಕಾರವಾರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ ಟೈಪ್ ಮಾಡುವುದು. ಆ ಕೆಲಸದಲ್ಲಿ ನನಗೆ ಯಾವ ಪ್ರತಿಭೆಯೂ ಇರಲಿಲ್ಲ. ನನ್ನ ಉದ್ದ ಬೆರಳುಗಳು ಒಂದು ಕೀಲಿಯ ಬದಲು ಎರಡನ್ನು ಒತ್ತುತ್ತಿದ್ದವು. ಒಂದು ಲಗ್ನಪತ್ರಿಕೆಯಲ್ಲಿ ವರನ ಜಾಗಕ್ಕೆ ಅವನ ತಂದೆಯ ಹೆಸರು ಹಾಕಿ ಬೈಸಿಕೊಂಡಿದ್ದೇನೆ. ಅಲ್ಲಿ ಬಹಳ ಸುಖವಾಗಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಚೆನ್ನಾಗಿ ಮಾಡಿದಾಗ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ, ಕೆಟ್ಟದಾಗಿ ಮಾಡಿದಾಗ ಯಾರೂ ದೇವರ ಹೆಸರು ಎತ್ತುತ್ತಿರಲಿಲ್ಲ. ಗಿರಾಕಿಗಳಲ್ಲಿ ಕೆಲವರು ಮಾತ್ರ ನನ್ನನ್ನು ಗುರುತಿಸಿ, “ಆಡಿದ್ರೆ ರೈಲ್ವೆಯಲ್ಲಿ ನೌಕರಿ ಸಿಗ್ತಿತ್ತು, ಇಲ್ಲಿ ಬಂದು ಕಾಗದ ತಿರುಗ್ಸ್ತೆ” ಅನ್ನುತ್ತಿದ್ದರು. ಹಾಗೆ ಅಂದವರ ಕಾಗದವನ್ನು ನಾನು ಎಲ್ಲರಿಗಿಂತ ಕೊನೆಗೆ ಮಾಡಿಕೊಡುತ್ತಿದ್ದೆ.

ಇಪ್ಪತ್ತು ತುಂಬುವ ಮೊದಲೇ ನನಗೆ ಒಂದು ಸಂಬಂಧ ಬಂತು. ಅಂಕೋಲೆಯವರು, ಹುಡುಗನಿಗೆ ಸಂಬಳದ ಕೆಲಸ. ನೋಡಲು ಬಂದಾಗ ಅಪ್ಪ, “ನಮ್ಮ ಹುಡುಗಿ ರಾಜ್ಯಮಟ್ಟದಲ್ಲಿ ಆಡಿದ್ದು” ಅಂದ. ನಾನು ಅವಲಕ್ಕಿಯ ತಟ್ಟೆ ಇಡುತ್ತಿದ್ದೆ. “ಇಲ್ಲ, ಜಿಲ್ಲೆಯ ಫೈನಲ್ ದಿನ ಬಿಟ್ಟು ಬಂದೆ” ಎಂದೆ. ಹುಡುಗನ ತಾಯಿ ಯಾಕೆ ಎಂದು ಕೇಳಿದರು. ಮನಸ್ಸಿರಲಿಲ್ಲ ಎಂದೆ. ಅವರು ಮಗನ ಮುಖ ನೋಡಿದರು. ಮನಸ್ಸಿಲ್ಲವೆಂದು ಅರ್ಧಕ್ಕೆ ಎದ್ದು ಬರುವ ಸೊಸೆ ಯಾರಿಗೆ ಬೇಕು. ಆ ಸಂಬಂಧ ಅಲ್ಲಿಗೇ ನಿಂತಿತು.

ಅವರು ಹೋದ ಮೇಲೆ ಅಪ್ಪ ನೇರವಾಗಿ ನನ್ನನ್ನೇ ನೋಡಿ ಕೂಗಾಡಿದ. ಎರಡು ವರ್ಷ ಆಯಿಯ ಮೂಲಕ ಬಂದದ್ದೆಲ್ಲ ಒಟ್ಟಿಗೆ ಬಂತು. ದೇವರು ಕೊಟ್ಟದ್ದನ್ನು ಒದ್ದವಳು, ಮನೆಯ ಮರ್ಯಾದೆ ಮಾರಿದವಳು. ನಾನೂ ಬಿಡಲಿಲ್ಲ.

“ನಿಂಗೆ ಇಷ್ಟ ಇತ್ತಾ ಅಪ್ಪಾ, ಎತ್ತಿ ಕೊಡುದು? ಇಷ್ಟು ವರ್ಷ ಆಡ್ದ್ಯಲ್ಲ, ಇಷ್ಟ ಇತ್ತಾ?”

ಅವನು ಗಕ್ಕನೆ ನಿಂತ.

“ಇಷ್ಟವಾ?” ಅಂದ. “ಅದನ್ನ ಯಾರು ಕೇಳಿದ್ರು? ಚೆನ್ನಾಗಿ ಎತ್ತಿ ಕೊಡ್ತಾನೆ ಅಂತ ಕಾರ್ಖಾನೆಯವ್ರು ಕರ್ದು ಕೆಲಸ ಕೊಟ್ರು. ಆಟ ಬರೂದಿಲ್ದಿದ್ರೆ ನಂಗೆ ಗೇಟಿನೊಳಗೆ ಬಿಡ್ತಿರಲಿಲ್ಲ. ಆ ಕೆಲಸದಿಂದ್ಲೇ ನೀನು ಉಂಡದ್ದು, ನಿನ್ನ ಈ ಉದ್ದ ಬೆಳೆದದ್ದು. ಇಷ್ಟ ಉಂಟಾ ಇಲ್ವಾ ಅಂತ ನಿನ್ಹಾಗೆ ಕೇಳ್ತಾ ಕೂತಿದ್ರೆ ಆಗ್ತಿತ್ತಾ?”

ಅವನಿಗೆ ಬೇರೆ ದಾರಿ ಇರಲಿಲ್ಲ, ನನಗೆ ಇತ್ತು. ಆ ದಾರಿಯನ್ನು ಮಾಡಿಕೊಟ್ಟದ್ದು ಅವನ ಕೈಯೇ ಎಂಬುದು ನಿಜ. ಆದರೆ ಮಾಡಿಕೊಟ್ಟ ಮೇಲೆ ಅದರಲ್ಲಿ ನಡೆಯಬೇಡ ಎಂದರೆ ಹೇಗೆ. ಇದನ್ನು ಅವನಿಗೆ ಹೇಳಬೇಕೆನಿಸಿತು, ಹೇಳಲಿಲ್ಲ. ಅವನು ಅಂಗಿ ಹಾಕಿಕೊಂಡು ಪಾಳಿಗೆ ಹೋದ. ಅಂದಿನಿಂದ ಮಾತು ಶುರುವಾಯಿತು, ಜಗಳದ ಮಾತೇ. ಈಗಲೂ ನಾವು ಮಾತಾಡುವುದು ಹಾಗೆಯೇ.

ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ದೇವಬಾಗದವಳು ನಮ್ಮ ಅಂಗಡಿಗೆ ಬಂದಳು. ನಾನು ಇರುವುದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಬರುತ್ತಿರಲಿಲ್ಲ. ಬೇರೆ ಅಂಗಡಿಗಳಲ್ಲಿ ಕರೆಂಟಿರಲಿಲ್ಲ, ನಮ್ಮಲ್ಲಿ ಜನರೇಟರ್ ಇತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಳು. ಊರಿನ ಹತ್ತಿರದ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು ಎಂದು ಅರ್ಜಿಯಿಂದ ತಿಳಿಯಿತು. ದೈಹಿಕ ಶಿಕ್ಷಣದ ತರಬೇತಿಗೆ ಅರ್ಜಿ. ಪ್ಲಾಸ್ಟಿಕ್ ಚೀಲದಿಂದ ಸರ್ಟಿಫಿಕೇಟುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಎಲ್ಲಕ್ಕಿಂತ ಮೇಲಿನದು ಅಂಕೋಲೆಯದು, ಜಿಲ್ಲಾಮಟ್ಟ, ದ್ವಿತೀಯ.

“ಎರಡು ಕಾಪಿ. ಅರ್ಜಿ ಟೈಪ್ ಮಾಡ್ಬೇಕು” ಅಂದಳು, ನನ್ನ ತಲೆಯ ಮೇಲಿನ ಕ್ಯಾಲೆಂಡರ್ ನೋಡುತ್ತ.

ಟೈಪ್ ಮಾಡಿದೆ. ಅವಳು ಹಿಂದೆ ನಿಂತು ಪರದೆ ನೋಡುತ್ತಿದ್ದಳು. ಕೈ ತಪ್ಪುತ್ತಲೇ ಇತ್ತು.

“ಇದೂ ಸರಿಯಾಗಿ ಬರೂದಿಲ್ಲ ನಿಂಗೆ.”

“ಇಲ್ಲ.”

“ಮತ್ತೆ ಎಂತಕ್ಕೆ ಮಾಡ್ತೆ?”

“ಇದನ್ನ ನಾನು ಆರಿಸ್ಕೊಂಡದ್ದು.”

ಅವಳು ಮೂಗಿನಿಂದ ಉಸಿರು ಬಿಟ್ಟಳು. ಪ್ರಿಂಟ್ ಹೊರಬರುವಾಗ ನಾನು ಹೇಳಿದೆ, “ಆಟ ಬಿಟ್ಟದ್ದಕ್ಕೆ ನಂಗೆ ಬೇಜಾರಿಲ್ಲ. ಆ ಮಧ್ಯಾಹ್ನ ಹೇಳ್ದೇ ಹೋದದ್ದು ತಪ್ಪು. ನಿಮ್ಗೆಲ್ಲ ಜೂನಲ್ಲೇ ಹೇಳ್ಬೇಕಿತ್ತು. ಅದ್ಕೆ ಮಾಫಿ ಕೇಳ್ತೆ.”

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದಳು.

“ಮಾಫಿ ಇಟ್ಕೋ ನಿನ್ಹತ್ರಾನೇ. ಇಲ್ಲಿ ‘ದೈಹಿಕ’ ತಪ್ಪಾಯ್ತು, ಸರಿ ಮಾಡು.”

ಸರಿ ಮಾಡಿ ಕೊಟ್ಟೆ. ಕಾಗದಗಳನ್ನು ಚೀಲಕ್ಕೆ ಹಾಕಿ, ಗಂಟು ಬಿಗಿದು, ಮೆಟ್ಟಿಲಿಳಿದು ಹೋದಳು. ಆ ವರ್ಷ ಅವಳ ಹೆಸರು ಆಯ್ಕೆ ಪಟ್ಟಿಯಲ್ಲಿ ಬರಲಿಲ್ಲ, ಕ್ರೀಡಾ ಅಂಕ ಸಾಲಲಿಲ್ಲವಂತೆ. ಮರುವರ್ಷ ಬಂತು. ಈಗ ಘಟ್ಟದ ಮೇಲೆ ಯಾವುದೋ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ ಎಂದು ಅಂಗಡಿಗೆ ಬರುವ ದೇವಬಾಗದವರೊಬ್ಬರು ಹೇಳಿದರು. ನನ್ನ ವಿಷಯ ಏನಾದರೂ ಕೇಳುತ್ತಾಳೆಯೇ ಎಂದು ನಾನು ಅವರನ್ನು ವಿಚಾರಿಸಲಿಲ್ಲ.